ಉಂಗುರವಿದ್ದಲ್ಲಿ ಆಸ್ಥಾನ

ನಂದಾದ್ರಿಯ ಕೋಟೆಕೊತ್ತಲಗಳ ಮೇಲೆ ಎಳೆಬಿಸಿಲು ಹರಡುತ್ತಿದ್ದಂತೆ ವರ್ತಕರ ಕೂಗಿನಿಂದಲೂ ಆನೆಗಳ ಘಂಟಾನಾದದಿಂದಲೂ ತುಂಬಿಹೋಗುತ್ತಿದ್ದ ರಾಜಬೀದಿ, ಅಂದು ಬರಿಯ ಬೇವಿನ ಹೊಗೆಯಿಂದ ತುಂಬಿತ್ತು. ಹೂವಾಡಗಿತ್ತಿಯರು ಸೆರಗಿನಿಂದ ಮುಖ ಮುಚ್ಚಿಕೊಂಡು, ಮಾಲೆಗಳನ್ನು ಬಿದಿರುಕೋಲಿನ ತುದಿಗೆ ಸಿಕ್ಕಿಸಿ ದೂರದಿಂದಲೇ ನೀಡುತ್ತಿದ್ದರು. ಸಿಡುಬಿನ ಮಹಾಮಾರಿ ಮಂಡಲವನ್ನೆಲ್ಲ ಸುತ್ತಿ ಬಂದು ಹೊಳೆಯಾಚೆಯ ತೊರೆಗೋಡು ಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಆ ಪಟ್ಟಣದ ಹೆಬ್ಬಾಗಿಲನ್ನು ಮುಚ್ಚಿಸಿ ಹೊರಗೆ ಕಾವಲಿಡಲಾಗಿತ್ತು. ಒಳಗಿದ್ದವರು ಹೊರಬರುವಂತಿಲ್ಲ, ಒಳಹೊಕ್ಕವರು ಮಾರಿ ಇಳಿಯುವ ತನಕ ಮರಳುವಂತಿಲ್ಲ. ಒಳಗೆ ಅಕ್ಕಿ ಮುಗಿಯುತ್ತ ಬಂದಿತ್ತು.

"ಪ್ರಭುಗಳ ಕಣಜ ತುಂಬಿದೆ, ತೊರೆಗೋಡಿನಲ್ಲಿ ಒಲೆ ಹೊತ್ತುತ್ತಿಲ್ಲ. ಅಪ್ಪಣೆಯಾದರೆ ಬಂಡಿಗಳನ್ನು ಹೊರಡಿಸುತ್ತೇನೆ," ಎಂದು ಆಸ್ಥಾನದಲ್ಲಿ ಕೈಮುಗಿದು ಬಿನ್ನವಿಸಿದವನು ಕಣಜದ ಹೆಗ್ಗಡೆ ರೇಚಮಯ್ಯ.

ಸಿಂಹಾಸನದಲ್ಲಿದ್ದ ಮಂಡಲೇಶ್ವರ ಬೀಚರಸ ಇನ್ನೂ ತರುಣ. ಅವನಿಗೆ ಬಿಲ್ಲು ಹಿಡಿಯಲು ಕಲಿಸಿದವನೇ ರೇಚಮಯ್ಯ. ದೊರೆ ಸಮ್ಮತಿಸಬೇಕೆನ್ನುವಷ್ಟರಲ್ಲಿ ಪ್ರಧಾನ ನಾಕಿಮಯ್ಯ ಎದ್ದು ನಿಂತನು.

"ಕೊಡಬೇಕು ಪ್ರಭು, ಅವಶ್ಯವಾಗಿ ಕೊಡಬೇಕು. ಆದರೆ ತೊರೆಗೋಡು ತನ್ನನ್ನು ತಾನೇ ಆಳಿಕೊಳ್ಳುವ ಪಟ್ಟಣ. ಅರಮನೆಯ ಧಾನ್ಯವನ್ನು ಊರಬಾಗಿಲ ಹೊಸ್ತಿಲಲ್ಲಿ ಪಟ್ಟಣಸ್ವಾಮಿಯ ಕೈಗೆ ಧಾರೆಯೆರೆದೇ ಕೊಡಬೇಕು. ಧಾರೆಯಿಲ್ಲದೆ ಕೊಟ್ಟರೆ ಅದು ದಾನವಲ್ಲ, ಕಣಜದ ಕಳವು."

ಎಷ್ಟು ವಿನಯ, ಎಷ್ಟು ಕಳಕಳಿ! ಪಟ್ಟಣಸ್ವಾಮಿ ಗೊಂಕಿಸೆಟ್ಟಿ ಸಿಡುಬಿಗೆ ಬಲಿಯಾದದ್ದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೊಸಬನಿಗೆ ಆಸ್ಥಾನದಲ್ಲೇ ಪಟ್ಟ ಕಟ್ಟಬೇಕು. ಮುಚ್ಚಿದ ಊರಿನಿಂದ ಆಸ್ಥಾನಕ್ಕೆ ಯಾರೂ ಬರುವಂತಿಲ್ಲ. ಹಸಿದ ಜನ ಒಂದು ದಿನ ಬಾಗಿಲು ಮುರಿದೇ ಮುರಿಯುತ್ತಾರೆ. ಆಗ ತೊರೆಗೋಡು ದ್ರೋಹಿಗಳ ಊರಾಗುತ್ತದೆ, ಅದರ ಸ್ವಾತಂತ್ರ್ಯ ರದ್ದಾಗುತ್ತದೆ, ಸಂತೆಯ ಸುಂಕವೆಲ್ಲ ನಾಕಿಮಯ್ಯನ ಮೈದುನನ ಕೈಸೇರುತ್ತದೆ. ರೇಚಮಯ್ಯನಿಗೆ ಇದೆಲ್ಲ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಕಂಡಿತು. ಆದರೆ ಪದ್ಧತಿಯೆಂಬ ಮಾತನ್ನು ತುಂಬಿದ ಸಭೆಯಲ್ಲಿ ಮೀರುವ ಧೈರ್ಯ ಆ ಹುಡುಗುಪ್ರಾಯದ ದೊರೆಗೆ ಬರಲಿಲ್ಲ. ಪದ್ಧತಿಯಂತೆಯೇ ಕೊಟ್ಟು ಬನ್ನಿ ಎಂದು ಅಪ್ಪಣೆಯಿತ್ತು, ದಾನ ಒಯ್ಯುವವನಿಗೆ ಒಪ್ಪಿಸುವ ವಾಡಿಕೆಯಂತೆ ತನ್ನ ಮುದ್ರೆಯುಂಗುರವನ್ನು ಕಳಚಿ ರೇಚಮಯ್ಯನ ಬೆರಳಿಗೆ ತೊಡಿಸಿದನು. ಆಗ ಅವನು ಕಣ್ಣೆತ್ತಿ ಗುರುವಿನ ಮುಖ ನೋಡಲಿಲ್ಲ.

ಬಂಡಿಗಳು ಹೊಳೆ ದಾಟಿ ತೊರೆಗೋಡಿನ ಹೆಬ್ಬಾಗಿಲ ಎದುರಿಗೆ ನಿಂತವು. ಕೋಟೆಯ ಮೇಲೆ ಜನ ಮುತ್ತಿಕೊಂಡಿದ್ದರು. ಯಾರೂ ಕೂಗಲಿಲ್ಲ, ಬೈಯಲಿಲ್ಲ. ಮೂಟೆಗಳನ್ನು ನೋಡುತ್ತ ನಿಂತಿದ್ದರು, ಅಷ್ಟೆ. ಆ ಮೌನವನ್ನು ಸಹಿಸುವುದು ರೇಚಮಯ್ಯನಿಗೆ ಬಹಳ ಕಷ್ಟವಾಯಿತು. ಮೂಟೆ ಇಳಿಸಿದರೆ ತಾನು ಕಳ್ಳ. ಹಿಂದಕ್ಕೆ ಒಯ್ದರೆ ಕೊಲೆಗಾರ. ಅತ್ತ ದರಿ ಇತ್ತ ಪುಲಿ ಎಂಬ ಸ್ಥಿತಿಯಲ್ಲಿ ತನ್ನನ್ನು ತಂದು ನಿಲ್ಲಿಸಿದ ನಾಕಿಮಯ್ಯನ ಮೇಲೆ ಅವನಿಗೆ ಮೈಯೆಲ್ಲ ಉರಿಯುವಷ್ಟು ಕೋಪ ಬಂತು.

ಬಾಗಿಲ ಕಿಂಡಿಯಲ್ಲಿ ಒಂದು ಮುಖ ಕಾಣಿಸಿತು. ಗೊಂಕಿಸೆಟ್ಟಿಯ ಪತ್ನಿ ಬಾಚಲೆ. ಗಂಡ ತೀರಿದಂದಿನಿಂದ ನಗರಸಭೆಯನ್ನು ನಡೆಸುತ್ತಿದ್ದವಳು ಅವಳೇ.

"ಹೆಗ್ಗಡೆಯವರೇ, ಕೊಡುವ ಹಾಗಿದ್ದರೆ ಕೊಡಿ. ಇಲ್ಲದಿದ್ದರೆ ಬಂಡಿಗಳನ್ನು ಮರೆಗೆ ಒಯ್ಯಿರಿ. ಮಕ್ಕಳು ನೋಡುತ್ತಿದ್ದಾರೆ."

"ಕೊಡುವುದಕ್ಕೇ ಬಂದಿದ್ದೇನೆ ತಾಯೀ. ತೆಗೆದುಕೊಳ್ಳುವುದಕ್ಕೆ ಪಟ್ಟಣಸ್ವಾಮಿ ಇಲ್ಲ."

"ಪಟ್ಟ ಕಟ್ಟುವ ಆಸ್ಥಾನ ನಮ್ಮ ಬಾಗಿಲಿಗೆ ಬಂದೀತೇ?" ಎಂದಳು ಬಾಚಲೆ ಬೇಸರದಿಂದ.

ರೇಚಮಯ್ಯ ತನ್ನ ಬೆರಳನ್ನು ನೋಡಿಕೊಂಡನು. ಹಿಂದಿನ ವರ್ಷ ದೊರೆ ಬೇಟೆಗೆ ಹೋಗಿದ್ದಾಗ ಇದೇ ಉಂಗುರ ನಾಕಿಮಯ್ಯನ ವಶದಲ್ಲಿತ್ತು. ಆ ಮಹಾನುಭಾವ ತನ್ನ ತೋಟದ ಮಾವಿನ ಮರದಡಿ ಚಾಪೆ ಹಾಸಿ ಕುಳಿತು, ಮೈದುನನಿಗೆ ಹೊಳೆ ದಾಟುವ ಕಡವಿನ ಸುಂಕದ ಅಧಿಕಾರವನ್ನು ಕಟ್ಟಿಬಿಟ್ಟಿದ್ದನು. ಹಿರಿಯರು ಆಕ್ಷೇಪಿಸಿದಾಗ, "ಉಂಗುರವಿದ್ದಲ್ಲಿ ಆಸ್ಥಾನ, ಇದು ಪೂರ್ವಿಕರ ಪದ್ಧತಿ" ಎಂದು ಎಲ್ಲರ ಬಾಯಿ ಮುಚ್ಚಿಸಿದ್ದನು. ಯಾರೂ ಆ ಪಟ್ಟವನ್ನು ಅಳಿಸಿರಲಿಲ್ಲ.

ರೇಚಮಯ್ಯ ಹೆಬ್ಬಾಗಿಲ ಕಡೆಗೆ ನಡೆದನು. ಕಾವಲಿನ ನಾಯಕ ಓಡಿಬಂದು ಅಡ್ಡ ನಿಂತನು.

"ಒಡೆಯಾ, ಹೊಸ್ತಿಲು ದಾಟಿದರೆ ತಮ್ಮನ್ನೂ ನಾನು ಹೊರಗೆ ಬಿಡಲಾರೆ. ತಮಗೆ ಸಿಡುಬು ಬಂದುಹೋಗಿದೆಯೇ?"

ಒಮ್ಮೆ ಬಂದವರಿಗೆ ಅದು ಮತ್ತೆ ಬಾರದೆಂಬುದು ಎಲ್ಲರಿಗೂ ಗೊತ್ತು. ರೇಚಮಯ್ಯನ ಮುಖದಲ್ಲಿ ಒಂದು ಕಲೆಯೂ ಇರಲಿಲ್ಲ.

"ಇಲ್ಲ. ನೀನು ನಿನ್ನ ಕೆಲಸ ಮಾಡು, ನಾನು ನನ್ನದು ಮಾಡುತ್ತೇನೆ," ಎಂದನು.

ಅವನು ದಾಟಿದನು. ಹೆದರಿಕೆಯಾಗಲಿಲ್ಲವೆಂದರೆ ಸುಳ್ಳಾದೀತು. ತಲೆಯ ರುಮಾಲಿನ ಜರಿಯಂಚನ್ನು ಹರಿದು ಬಾಚಲೆಯ ಹಣೆಗೆ ಪಟ್ಟ ಕಟ್ಟಿದನು. ಬಳಿಕ ಹೊಸ್ತಿಲಲ್ಲಿ ನಿಂತು ಅವಳ ಕೈಗೆ ಧಾರೆಯೆರೆದನು. ಊರವರೇ ಬಂಡಿಗಳನ್ನು ಒಳಕ್ಕೆ ಎಳೆದುಕೊಂಡರು, ಹೆಬ್ಬಾಗಿಲು ಅವನ ಬೆನ್ನ ಹಿಂದೆ ಮುಚ್ಚಿಕೊಂಡಿತು. ಸಂಜೆಯ ಹೊತ್ತಿಗೆ ಊರಿನ ಮೇಲೆ ಅಡಿಗೆಯ ಹೊಗೆ ಎದ್ದಿತು.

ಸುದ್ದಿ ಕೇಳಿದ ನಾಕಿಮಯ್ಯ ಮೊದಲು ನಕ್ಕನು. ಮುಳ್ಳು ತಾನಾಗಿಯೇ ಕಿತ್ತುಹೋಯಿತಲ್ಲ. ಪಟ್ಟ ಅಸಿಂಧು, ಧಾನ್ಯವನ್ನು ಹಿಂದಕ್ಕೆ ತನ್ನಿ ಎಂದು ಆಜ್ಞೆ ಬರೆಸಿ ಮುದ್ರೆಗಾಗಿ ಕೈಚಾಚಿದನು. ಮುದ್ರೆ ಇರಲಿಲ್ಲ. ಅದು ತೊರೆಗೋಡಿನೊಳಗಿತ್ತು; ಮಾರಿ ಇಳಿಯುವ ತನಕ ಹೊರಬರುವಂತಿರಲಿಲ್ಲ. "ಉಂಗುರವಿಲ್ಲದೆ ಆಜ್ಞೆ ನಡೆಯದಲ್ಲ, ಪ್ರಧಾನರೇ? ಪದ್ಧತಿ ತಮಗೇ ಚೆನ್ನಾಗಿ ಗೊತ್ತು," ಎಂದ ಬೀಚರಸ, ಪಟ್ಟಕ್ಕೆ ಬಂದ ಮೇಲೆ ಮೊದಲ ಸಲ ನಗುತ್ತಿದ್ದನು.

ಅಲ್ಲಿಂದಾಚೆಗೆ ಆಜ್ಞೆಗಳು ಬಂದದ್ದು ಆ ಮುಚ್ಚಿದ ಊರಿನಿಂದಲೇ. ಬೇವಿನ ಹೊಗೆ ಹಿಡಿಸಿದ, ಮಣ್ಣಿನ ಮುದ್ರೆಯೊತ್ತಿದ ಓಲೆಗಳು ಕಿಂಡಿಯಿಂದ ಹೊರಬೀಳುತ್ತಿದ್ದವು: ಅಕ್ಕಿ ಬರಲಿ, ಉಪ್ಪು ಬರಲಿ, ಸಿಡುಬು ಬಂದುಹೋದ ವೈದ್ಯರು ಬರಲಿ. ಎಲ್ಲವೂ ಬಂದವು. ಅಷ್ಟರಲ್ಲಿ ರೇಚಮಯ್ಯ ಜ್ವರ ಹತ್ತಿ ಮಲಗಿದನು. ಬಾಚಲೆ ಬಾಳೆಯೆಲೆಯ ಮೇಲೆ ಅವನನ್ನು ಮಲಗಿಸಿ ಒಡಹುಟ್ಟಿದವಳಂತೆ ಆರೈಕೆ ಮಾಡಿದಳು. ಪ್ರಾಣ ಉಳಿಯಿತು. ಕಣ್ಣುಗಳು ಉಳಿಯಲಿಲ್ಲ.

ಮಾರಿ ಇಳಿದು ಹೆಬ್ಬಾಗಿಲು ತೆರೆದ ದಿನ ಆಸ್ಥಾನವೆಲ್ಲ ಅಲ್ಲಿ ನೆರೆದಿತ್ತು. ಬಾಚಲೆಯ ಹೆಗಲು ಹಿಡಿದು ರೇಚಮಯ್ಯ ಹೊರಬಂದನು. ಆ ಕಲೆಬಿದ್ದ ಮುಖವನ್ನು ನೋಡಿ ಬೀಚರಸ ಗರಬಡಿದವನಂತೆ ನಿಂತುಬಿಟ್ಟನು.

"ಪ್ರಭುಗಳ ಹಸ್ತ ಎಲ್ಲಿದೆ? ಉಂಗುರವನ್ನು ಒಪ್ಪಿಸಬೇಕು," ಎಂದನು ರೇಚಮಯ್ಯ.

ಮಾತಿಲ್ಲದೆ ಒಂದು ಕೈ ಅವನ ಅಂಗೈಯೊಳಗೆ ಬಂದು ಕುಳಿತಿತು. ಅವನು ಅದನ್ನು ಮೆಲ್ಲನೆ ಸವರಿದನು. ಮೆತ್ತಗಿನ ಕೈ, ನುಣುಪಾದ ಬೆರಳುಗಳು. ಬಿಲ್ಲಿನ ಹೆದೆ ಉಜ್ಜಿದ ಗುರುತು ಒಂದೂ ಇಲ್ಲ.

"ಪ್ರಧಾನರೇ, ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಿ," ಎಂದನು ಶಾಂತವಾಗಿ.

ಸಭೆಯೆಲ್ಲ ನಾಕಿಮಯ್ಯನನ್ನೇ ನೋಡಿತು. ಅವನು ಕೈಯನ್ನು ಉತ್ತರೀಯದೊಳಗೆ ಮರೆಸಿಕೊಂಡನು. ಬೀಚರಸ ಮುಂದೆ ಬಂದು ತನ್ನ ಕೈಯಿಟ್ಟನು. ಬೆರಳಿನ ಜಡ್ಡುಗಟ್ಟಿದ ಚರ್ಮ ತಾಗಿದೊಡನೆ ರೇಚಮಯ್ಯನ ಮುಖ ಅರಳಿತು.

"ಅಭ್ಯಾಸ ಬಿಟ್ಟಿಲ್ಲ, ಪ್ರಭು."

"ಬಿಟ್ಟಿಲ್ಲ, ಗುರುಗಳೇ," ಎಂದನು ದೊರೆ. ಉಂಗುರ ಬೆರಳಿಗೇರಿದ ಮೇಲೆ ಅವನು ತಿರುಗಿದನು. "ನಾಕಿಮಯ್ಯನವರೇ, ಈಗ ಆಸ್ಥಾನ ಇಲ್ಲಿದೆ. ತಮ್ಮ ಪ್ರಧಾನಪದವಿ ಇಲ್ಲಿಗೆ ಮುಗಿಯಿತು." ಬಳಿಕ ರೇಚಮಯ್ಯನ ಕೈ ಹಿಡಿದು, "ತಮಗೆ ಏನು ಬೇಕು, ಹೇಳಿ," ಎಂದು ಕೇಳಿದನು.

"ಕಣಜ ಬರಿದಾಗಿರಬೇಕು, ಪ್ರಭು. ಅಲ್ಲಿಗೆ ನನ್ನನ್ನು ಕರೆದೊಯ್ಯಬೇಕು. ಕಾಳಿನ ವಾಸನೆ ಹಿಡಿದು ಉಳಿದ ಕೆಲಸ ಮಾಡಿಯೇನು."

ಪಲ್ಲಕ್ಕಿ ತಂದರು. ಬೀಚರಸ ಅದನ್ನು ಹಿಂದಕ್ಕೆ ಕಳುಹಿಸಿ, ಗುರುವಿನ ಕೈಯನ್ನು ತನ್ನ ಹೆಗಲ ಮೇಲಿಟ್ಟುಕೊಂಡು, ನಂದಾದ್ರಿಯ ಕಣಜದ ತನಕ ತಾನೇ ಮುಂದೆ ನಡೆದನು.