ಅಜ್ಜನ ಪಕ್ಕದ ಗೊಂಬೆ

"ಅಕ್ಕಾ, ಲಗೂ ಬರ್ರಿ. ಗೋದಾಬಾಯಿ ಮ್ಯಾಲೆ ಕಳವಿನ ಮಾತು ಬಂದದ."

ಕೇಶ್ವಾಪುರದ ಶಿಶುವಿಹಾರದ ಟೀಚರ್ ಸೌಂದರ್ಯಾ ಫೋನಿನಲ್ಲಿ ಹೇಳಿದ್ದು ಇಷ್ಟೇ. ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್ ದಾಕ್ಷಾಯಿಣಿ ಚಪ್ಪಲಿ ಮೆಟ್ಟಿ ಹೊರಟಳು. ಆಕೆಯ ನೆರೆಮನೆಯವಳೂ ಪ್ರತಿ ಪತ್ತೆಯಲ್ಲಿ ಜೊತೆಗಾತಿಯೂ ಆದ ನಾನು ಹಿಂದೆಯೇ ನಡೆದೆ.

ಅಂದು ಶಾಲೆಯಲ್ಲಿ ಪಾಲಕರ ದಿನ. ಹೋದ ವರ್ಷ ಬಂದವರೆಲ್ಲ ಮೊಬೈಲ್ ನೋಡುತ್ತ ಕೂತಿದ್ದರೆಂದು ಸೌಂದರ್ಯಾ ಈ ಸಲ ಒಂದು ಆಟ ಹೂಡಿದ್ದಳು. ಪ್ರತಿ ಮಗುವೂ ತನ್ನವರನ್ನು ಮಣ್ಣಿನಲ್ಲಿ ಮಾಡಬೇಕು. ಹೆಸರಿಲ್ಲದ ಆ ಗೊಂಬೆಗಳ ನಡುವೆ ಮನೆಯವರು ತಮ್ಮನ್ನು ಹುಡುಕಿಕೊಳ್ಳಬೇಕು. ಆದರೆ ಪುಟ್ಟ ಚಿನ್ಮಯಿಯ ಹಲಗೆಯಲ್ಲಿ, ಅಜ್ಜನ ಗೊಂಬೆಯ ಪಕ್ಕ, ಇನ್ನೊಂದು ಗೊಂಬೆ ಕಾಣೆಯಾಗಿ ಹಸಿ ಕೆಂಪು ಬಣ್ಣದ ಗುರುತಷ್ಟೇ ಉಳಿದಿತ್ತು.

"ಅದಕ್ಕ ಈಗಷ್ಟ ಬಣ್ಣ ಹಚ್ಚಿದ್ಲರಿ. ಯಾರ ಗೊಂಬಿ ಅಂತ ನಾನೂ ನೋಡಿದ್ದಿಲ್ಲ," ಎಂದಳು ಸೌಂದರ್ಯಾ.

ಆಯಾ ಗೋದಾಬಾಯಿ ಅಳುತ್ತಿದ್ದಳು. "ಎಲ್ಲಾರಿಗಿಂತ ಮೊದಲ ಇಬ್ಬರು ಒಳಗ ಬಂದಿದ್ರರಿ. ಚಿನ್ಮಯಿ ಅಪ್ಪ ಬಸವಕಿರಣ ಸಾಹೇಬ್ರು ಮಗಳ ಬ್ಯಾಗ್ ಇಟ್ಟು ಹೋದ್ರು. ಆಮ್ಯಾಲೆ ಅಜ್ಜಾರು ನೀರು ಕೇಳಿದ್ರು, ತರಾಕ ಹೋಗಿದ್ದೆ."

ಅಜ್ಜನೆಂದರೆ ಹತ್ತಿ ವ್ಯಾಪಾರಿ ಕುಬೇರಪ್ಪ. ಹೆಂಡತಿ ಸಂಗವ್ವ, ಮಗ ಬಸವಕಿರಣನೊಂದಿಗೆ ನಿಂತಿದ್ದರು. ಹೆಗಲ ಮೇಲಿನ ವಲ್ಲಿವಸ್ತ್ರವನ್ನು ಮಡಚಿ ಕಂಕುಳಲ್ಲಿ ಅವುಚಿಕೊಂಡು, ಹಣೆಯ ಬೆವರನ್ನು ಅಂಗೈಯಿಂದ ಒರೆಸಿಕೊಳ್ಳುತ್ತಿದ್ದರು.

"ಗೋದಾಬಾಯಿನ್ನ ಕೆಲಸದಿಂದ ತಗೀರಿ!" ಎಂದು ಗುಡುಗಿದರು. "ಇಲ್ಲಂದ್ರ ಆ ಗೊಂಬಿ, ಆಕಿ ತಾನ ಕಾಲು ಮೂಡಿ ಓಡಿ ಹೋದ್ಲೇನು?"

"ಅದು ಹೋದ್ರ ಹೋತು ಬಿಡಪ್ಪಾ," ಎಂದ ಬಸವಕಿರಣ. ಅವನ ಅವಸರ ಕಂಡು ನನಗೆ ಅವನ ಮೇಲೆಯೇ ಸಂಶಯ ಬಂತು.

ದಾಕ್ಷಾಯಿಣಿ ಚಿನ್ಮಯಿಯ ಮುಂದೆ ಕುಕ್ಕರಿಸಿದಳು. "ಅದು ಯಾರ ಗೊಂಬಿ, ಪುಟ್ಟಿ?"

ಹುಡುಗಿ ಬಾಯಿ ಮುಚ್ಚಿಕೊಂಡಳು. "ಹೇಳಿದ್ರ ಐಸ್‌ಕ್ರೀಮ್ ಸಿಗಂಗಿಲ್ಲ."

"ಸಾಲಿ ಬಿಟ್ಟ ಮ್ಯಾಲೆ ಈಕಿನ್ನ ಯಾರು ಕರಕೊಂಡು ಹೋಗ್ತಾರ?"

"ದಿನಾ ಅಜ್ಜಾರರಿ," ಎಂದಳು ಸೌಂದರ್ಯಾ.

ದಾಕ್ಷಾಯಿಣಿ ಆ ಮನೆಯವರನ್ನೂ ಗೋದಾಬಾಯಿಯನ್ನೂ ಒಳಗೆ ಕರೆದು ಬಾಗಿಲು ಹಾಕಿಸಿದಳು.

"ಕುಬೇರಪ್ಪನವರ, ಎಲ್ಲಾರೂ ಗೊಂಬಿಗೆ 'ಅದು' ಅಂದ್ರು. ನೀವೊಬ್ಬರ 'ಆಕಿ' ಅಂದ್ರಿ. ಟೀಚರ್ ಸೈತ ನೋಡದ ಗೊಂಬಿ ಹೆಂಗಸಿಂದು ಅಂತ ನಿಮಗ ಹ್ಯಾಂಗ ಗೊತ್ತಾತು? ನೀರಿನ ನೆವದಾಗ ಗೋದಾಬಾಯಿನ್ನ ಹೊರಗ ಕಳಿಸಿದ್ರಿ. ಐಸ್‌ಕ್ರೀಮ್ ಕೊಡಿಸಿ ಕೂಸಿನ ಬಾಯಿ ಮುಚ್ಚಿಸೋದು, ದಿನಾ ಕರಕೊಂಡು ಹೋಗೋರಿಗೇ ಆಗೋ ಕೆಲಸ. ಬಸವಕಿರಣನ ಬಿಳಿ ಅಂಗಿ ಮ್ಯಾಲೆ ಒಂದು ಬಣ್ಣದ ಕಲೆ ಇಲ್ಲ. ಹಸಿ ಗೊಂಬಿ ಮುಚ್ಚಿಡಾಕ ಅವನ ಹತ್ರ ಏನೂ ಇದ್ದಿಲ್ಲ. ನೀವು ಇಷ್ಟು ಬೆವತರೂ ವಲ್ಲಿ ಬಿಚ್ಚವಲ್ರಿ. ಯಾಕ ಅಂತ ನೀವ ಹೇಳ್ರಿ."

ಕುಬೇರಪ್ಪ ವಲ್ಲಿ ಬಿಚ್ಚಿದರು. ಕೆಂಪು ಸೀರೆಯ ಗೊಂಬೆ, ತೊಡೆಯ ಮೇಲೆ ತಂಬೂರಿ.

"ನನ್ನ ಸುಮಂಗಲಾ!" ಎಂದು ಸಂಗವ್ವ ಕೂಗಿದರು. ಬೇರೆ ಜಾತಿಯವನನ್ನು ಮದುವೆಯಾಗಿ ಹೋದ ಮಗಳು. ಆಕೆಯ ಹೊಸ್ತಿಲು ಯಾರೂ ತುಳಿಯಬಾರದೆಂದು ಮನೆಮಂದಿಗೆಲ್ಲ ಆಣೆ ಹಾಕಿದ್ದವರು ಕುಬೇರಪ್ಪನವರೇ.

"ಗೋಕುಲ ರಸ್ತ್ಯಾಗ ಸಂಗೀತ ಕಲಿಸ್ತಾಳ," ಅವರು ತಲೆ ತಗ್ಗಿಸಿದರು. "ಕೂಸಿನ್ನ ಕರಕೊಂಡು ಹೋಗಿ ಆಕಿ ಹಾಡು ಕೇಳ್ತಿದ್ದೆ. ಗೊಂಬಿ ನೋಡಿದ್ರ ನೀವು ಗುರುತು ಹಿಡೀತಿದ್ರಿ." ಆಮೇಲೆ ಗೋದಾಬಾಯಿಯ ಕಡೆ ತಿರುಗಿ ಕೈಮುಗಿದರು. "ತಪ್ಪಾತವ್ವಾ."

ಗೋದಾಬಾಯಿ ಕಣ್ಣೊರೆಸಿಕೊಂಡಳು.

"ನಾ ಆಕಿ ಹೆಸರು ತಗದ್ರ ಉಣ್ಣೋ ಗಂಗಾಳ ಬಿಟ್ಟು ಏಳ್ತಿದ್ರಿ," ಎಂದರು ಸಂಗವ್ವ. "ಅಲ್ಲಿ ಕುಂತು ಹಾಡು ಕೇಳ್ತಿದ್ರೇನು?" ಮತ್ತೆ ಮಗನತ್ತ ತಿರುಗಿದರು. "ಗಾಡಿ ತಗಿ."

"ಅಪ್ಪಾರು?"

"ಮುಂದ ಕೂಡಿಸು. ಅವರಿಗೇ ದಾರಿ ಗೊತ್ತದ."