ಮುಹೂರ್ತದ ಪೀಸು

ಮುಂಜಾನೆ ಎಂಟರ ಹೊತ್ತಿಗೆ, ಕುಡಿದ ಚಹಾ ಇನ್ನೂ ಹೊಟ್ಟೆಗೆ ಹತ್ತುವ ಮೊದಲೇ, ಗುರುತಿಲ್ಲದ ಗಂಡಸೊಬ್ಬ ಎದುರಿಗೆ ನಿಂತು ಹೊಗಳಲು ಶುರುಮಾಡಿದರೆ ಯಾವ ಹುಡುಗಿಯಾದರೂ ಏನು ಮಾಡುತ್ತಾಳೆ? ಅನುಮಾನ ಪಡುತ್ತಾಳೆ. ಪ್ರಮಿಳಾ ಕೂಡ ಅದನ್ನೇ ಮಾಡಿದಳು.

"ನಿಮ್ಮ ಟೇಬಲ್ ನೋಡಿದ್ರ ಕಣ್ಣಿಗೆ ತಂಪಾಗ್ತೈತ್ರಿ ಮೇಡಂ," ಎಂದಿದ್ದ ಅವನು.

"ಯಾಕ್ರಿ ಸರ, ನನ್ನ ಕಡೆ ಏನರ ಕೆಲಸ ಆಗಬೇಕಾಗಿತ್ತೇನು?"

"ಏನಿಲ್ರಿ."

"ಮತ್ತ?"

"ಇದ್ದದ್ದು ಹೇಳಿದೆ," ಎಂದು ನಕ್ಕು ಹೊರಟೇಹೋದ.

ಅವನು ಹೊಸ ಸೂಪರ್‌ವೈಸರ್. ಹೆಸರು ಸೋಮಲಿಂಗ, ಊರು ಹಲಸಿ. ಯುಗಾದಿ ಮುಗಿದ ಮರುದಿನ ಕೆಲಸಕ್ಕೆ ಸೇರಿದ್ದ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಒಂದು ಗುಳಿ ಬೀಳುತ್ತಿತ್ತು. ಅದನ್ನು ಪ್ರಮಿಳಾ ನೋಡಲಿಲ್ಲ ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ನಂಬಲೂಬೇಡಿ.

ಅವರು ದುಡಿಯುವ ಮಚ್ಛೆ ಊರಿನ ಕಾರ್ಖಾನೆಯಲ್ಲಿ ಹೊಲಕ್ಕೆ ನೀರೆತ್ತುವ ಪಂಪುಗಳು ತಯಾರಾಗುತ್ತವೆ. ಪಂಪಿನೊಳಗೆ ತಿರುಗುವ ಉಕ್ಕಿನ ಶಾಫ್ಟು ಕೊನೆಯ ತಪಾಸಣೆಗೆ ಬರುವುದು ಪ್ರಮಿಳಾಳ ಟೇಬಲ್ಲಿಗೆ. ಅಳತೆ ಸರಿ ಇದ್ದರೆ ಆಕೆ ಒಂದು ಬೊಟ್ಟು ಹಸಿರು ಬಣ್ಣ ಹಚ್ಚಬೇಕು. ತಿದ್ದಿದರೆ ಸರಿಯಾಗುವಂತಿದ್ದರೆ ಹಳದಿ, ಅಂದರೆ ರೀವರ್ಕ್. ಕೈಬಿಟ್ಟುಹೋದದ್ದಕ್ಕೆ ಕೆಂಪು. ಸೇರಿದ ಹೊಸದರಲ್ಲಿ ಈ ಕೆಲಸ ಆಕೆಗೆ ರಂಗೋಲಿ ಹಾಕಿದಷ್ಟು ಖುಷಿ ಕೊಟ್ಟಿತ್ತು. ಈಗ ಬೇಸರ ಹುಟ್ಟಿಸಿತ್ತು. ಅದೇ ಶಾಫ್ಟು, ಅದೇ ಅಳತೆ, ಹೌದೆನ್ನುವವರಿಲ್ಲ, ಅಲ್ಲವೆನ್ನುವವರಿಲ್ಲ. ಅದಕ್ಕೇ ಸೋದರಮಾವ ರವಿವಾರ ಪೇಟೆಯ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ ನೋಡಿದಾಗ, ದಸರಾ ಮುಗಿಸಿ ಬರುತ್ತೇನೆಂದು ಅರೆಮನಸ್ಸಿನಿಂದ ಹೂಂ ಅಂದುಬಿಟ್ಟಿದ್ದಳು.

ಆದರೆ ಈ ಸೋಮಲಿಂಗ ಸುಮ್ಮನಿರಬೇಕಲ್ಲ! ಮರುದಿನ ಮತ್ತೆ ಬಂದ.

"ನೀವು ಪೀಸ್ ಒರಸಿ ಇಡ್ತೀರಲ್ರಿ, ಅದಕ್ಕ ಪಂಪು ಜೋಡಸೂ ಅಸೆಂಬ್ಲಿ ಮಂದಿ ನಿಮ್ಮನ್ನ ಬಾಳ ನೆನಸ್ತಾರ. ಕೈ ಎಣ್ಣಿ ಆಗಂಗಿಲ್ಲಂತ."

"ಖರೇ ಅಂತಾರೇನ್ರಿ?" ಪ್ರಮಿಳಾಳ ಬಾಯಿಂದ ತಡೆಯುವ ಮೊದಲೇ ಮಾತು ಹೊರಬಿತ್ತು.

"ಖರೇ. ಬೇಕಾದ್ರ ಬಂದು ಕೇಳ್ರಿ."

ಅದರ ಮಾರನೆಯ ದಿನ ಇನ್ನೊಂದು. "ನಿನ್ನಿ ಆ ಸಣ್ಣ ಗೀರು ಹಿಡದ್ರಲ್ಲ, ನನ್ನ ಕಣ್ಣಿಗೆ ಕಂಡೇ ಇರಲಿಲ್ಲ ನೋಡ್ರಿ." ಹೀಗೆ ದಿನಕ್ಕೊಂದು ಮಾತು. ಒಂದಿನ ಅವನು ತಡವಾಗಿ ಬಂದರೆ ಪ್ರಮಿಳಾ ಬಾಗಿಲ ಕಡೆ ನೋಡುತ್ತ ಒಂದೇ ಶಾಫ್ಟನ್ನು ಎರಡೆರಡು ಸಲ ಅಳೆಯುತ್ತಿದ್ದಳು.

ಒಂದು ಮಧ್ಯಾಹ್ನ, ಬಿಸಿಲು ತಗಡಿನ ಮೇಲೆ ಚಟಚಟ ಅನ್ನುತ್ತಿದ್ದಾಗ, ಅವನು ಕೇಳಿದ. "ನೀವು ಪಾಸ್ ಮಾಡಿದ್ದು ಎಲ್ಲಿ ಹೋಗ್ತೈತಿ ನೋಡೀರೇನ್ರಿ?"

"ಗಾಡಿ ಹತ್ತಿ ಹೋಗ್ತೈತಿ."

"ಗಾಡಿ ಹತ್ತೂ ಮೊದಲ?"

ಪ್ರಮಿಳಾಳಿಗೆ ಗೊತ್ತಿರಲಿಲ್ಲ. ಇಷ್ಟು ದಿನ ದುಡಿದವಳು ಹಿಂದಿನ ಶೆಡ್ಡಿಗೆ ಕಾಲಿಟ್ಟಿರಲಿಲ್ಲ. ಊಟದ ಬಿಡುವಿನಲ್ಲಿ ಅವನು ಕರೆದುಕೊಂಡು ಹೋದ. ನೀರು ತುಂಬಿದ ದೊಡ್ಡ ಟಾಕಿ, ಅದರ ಬಾಜು ಒಂದು ಪಂಪು.

"ಇದರೊಳಗ ಇರೂದು ನಿನ್ನಿ ನೀವು ಹಸಿರು ಹಚ್ಚಿದ್ದು. ಈಗ ನೋಡ್ರಿ," ಎಂದು ಸ್ವಿಚ್ ಒತ್ತಿದ.

ಭರ್ರನೆ ನೀರು ಚಿಮ್ಮಿತು. ಎಷ್ಟು ಜೋರಾಗಿ ಎಂದರೆ ಪ್ರಮಿಳಾಳ ಓಢಣಿ, ಕೆನ್ನೆ, ಕಣ್ಣರೆಪ್ಪೆ ಎಲ್ಲ ತೊಯ್ದವು. ಅಯ್ಯವ್ವಾ ಎಂದು ಹಿಂದೆ ಸರಿದವಳು ಮರುಕ್ಷಣ ಕಿಲಕಿಲ ನಕ್ಕುಬಿಟ್ಟಳು.

"ಆವಾಜ್ ಕೇಳ್ರಿ," ಅಂದ ಸೋಮಲಿಂಗ. ಪಂಪಿನ ಮೇಲೆ ಕೈಯಿಟ್ಟಿದ್ದ, ಕಣ್ಣು ಮಾತ್ರ ಅವಳ ಮುಖದ ಮೇಲಿತ್ತು. "ಶಾಫ್ಟು ಸರಿ ಇಲ್ಲಂದ್ರ ಪಂಪು ಕೆಮ್ಮತೈತಿ. ನೀವು ಪಾಸ್ ಮಾಡಿದ್ದು ಕೆಮ್ಮಂಗಿಲ್ಲ. ಇವು ನಮ್ಮ ಖಾನಾಪುರದ ಕಡೇನೂ ಹೋಗ್ತಾವ್ರಿ. ಯಾರದೋ ಹೊಲಕ್ಕ ನೀರು ಬರ್ತೈತಿ."

ಅಂದಿನಿಂದ ಶಾಫ್ಟು ಬರೀ ಉಕ್ಕಿನ ತುಂಡಾಗಿ ಉಳಿಯಲಿಲ್ಲ. ಪ್ರತಿಯೊಂದಕ್ಕೂ ಹಸಿರು ಹಚ್ಚುವಾಗ ಪ್ರಮಿಳಾಳ ಕಿವಿಯಲ್ಲಿ ಆ ನೀರಿನ ಸದ್ದು ಕೇಳುತ್ತಿತ್ತು. ಒಂದು ಕಾಲದಲ್ಲಿ ಗಡಿಯಾರ ನೋಡಿ ನೋಡಿ ಕತ್ತು ಹಿಡಿಸಿಕೊಳ್ಳುತ್ತಿದ್ದವಳು ಈಗ ಸೈರನ್ ಆದ ಮೇಲೂ ಇದೊಂದು ಮುಗಿಸಿಬಿಡ್ತೀನಿ ಅನ್ನುತ್ತಿದ್ದಳು. ಮಾವ ಹೇಳಿದ ಅಂಗಡಿಯ ಮಾತೇ ಮರೆತುಹೋಯಿತು.

ಸಂಜೆ ಇಬ್ಬರದೂ ಖಾನಾಪುರದ ಅದೇ ಬಸ್ಸು. ಆಕೆ ಖಾನಾಪುರದಲ್ಲೇ ಇಳಿದರೆ, ಅವನು ಅಲ್ಲಿ ಬಿಟ್ಟಿದ್ದ ಬೈಕು ಹತ್ತಿ ಹಲಸಿಗೆ ಹೋಗುತ್ತಿದ್ದ. ಮಚ್ಛೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲುವ ಮೊದಲೇ ಅವನ ಬುತ್ತಿಚೀಲ ಕಿಟಕಿಯಿಂದ ಒಳಗೆ ಹಾರಿ ಆಕೆಗೊಂದು ಸೀಟು ಹಿಡಿಯುತ್ತಿತ್ತು. ಕಂಡಕ್ಟರ್ "ಪುಢೇ ಚಲಾ, ಮುಂದ ಸರೀರಿ" ಎಂದು ಮರಾಠಿ, ಕನ್ನಡ ಎರಡೂ ಭಾಷೆಯಲ್ಲಿ ತಳ್ಳಿದಾಗೆಲ್ಲ ಸೋಮಲಿಂಗ ಅವಳ ಸೀಟಿನ ಹತ್ತಿರವೇ ಬಂದು ನಿಲ್ಲುತ್ತಿದ್ದ. ಎಷ್ಟು ತಳ್ಳಿದರೂ ಅಲ್ಲಿಂದ ಮುಂದೆ ಸರಿಯುತ್ತಿರಲಿಲ್ಲ.

ಒಂದು ಸಂಜೆ ಆಕೆ ಡಬ್ಬಿಯಲ್ಲಿ ಉಳಿದಿದ್ದ, ಅವ್ವ ಕಡಲೆಹಿಟ್ಟಿನಲ್ಲಿ ಮಾಡಿದ ಜುಣಕದ ವಡಿ ಕೊಟ್ಟಳು. ಅವನು ತಿಂದ. ಇನ್ನೊಂದು ತೆಗೆದುಕೊಂಡು ಅದನ್ನೂ ತಿಂದ.

"ಹೆಂಗೈತ್ರಿ?"

"ಉಪ್ಪು ಕಮ್ಮಿ ಐತ್ರಿ."

"ಅಯ್ಯ ಇವನ! ದಿನಾ ಬಾಯಿತುಂಬ ಹೊಗಳಾವ್ರು ಇದಕ್ಕೊಂದು ಚಲೋ ಐತಿ ಅಂದಿದ್ರ ಗಂಟು ಹೋಗ್ತಿತ್ತೇನ್ರಿ?"

"ಚಲೋ ಇದ್ದದ್ದಕ್ಕ ಅಷ್ಟ ಚಲೋ ಅಂತೀನ್ರಿ ನಾ," ಎಂದು ಮೂರನೆಯ ವಡಿಗೆ ಕೈ ಹಾಕಿದ. ಆ ಗುಳಿ ಬಿತ್ತು. ಪ್ರಮಿಳಾ ಸಿಟ್ಟು ಬಂದವಳಂತೆ ಕಿಟಕಿಯ ಕಡೆ ತಿರುಗಿ, ಗಾಜಿನಲ್ಲಿ ಕಾಣುವ ಅವನನ್ನೇ ಖಾನಾಪುರ ಬರುವವರೆಗೂ ನೋಡಿದಳು.

ಇಷ್ಟು ಚೆಂದ ನಡೆದಿದ್ದ ಗಾಡಿಗೆ ಅಡ್ಡ ಬಂದವಳು ಸಪ್ನಾ. ಪಾಪ, ಆಕೆಯದೇನೂ ಕೆಟ್ಟ ಬುದ್ಧಿಯಲ್ಲ. ಆಫೀಸಿನಲ್ಲಿ ಟೈಪಿಂಗ್ ಮಾಡುವವಳು, ಬೇಸಿಗೆಯಲ್ಲಿ ಹೆರಿಗೆ ರಜೆಗೆ ಹೋದವಳು ನವರಾತ್ರಿಯ ಘಟಸ್ಥಾಪನೆಗೆ ಮುಂಚೆ ಮರಳಿ ಬಂದಿದ್ದಳು. ಮಗಳು ಹುಟ್ಟಿದ ಖುಷಿಗೆ ಪೇಢೆ ಹಂಚುತ್ತ ಪ್ರಮಿಳಾಳ ಹತ್ತಿರ ಬಂದಾಗ ಸೋಮಲಿಂಗನ ಮಾತು ಬಂತು. ಅವನು ದಿನಾ ಹೇಳುವ ಮಾತುಗಳನ್ನು ಪ್ರಮಿಳಾ ಮುಖ ಕೆಂಪಾಗಿಸಿಕೊಂಡು ಹೇಳಿದಳು.

ಸಪ್ನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏ ಹುಚ್ಚಿ, ಅದು ಸ್ಕೀಮ್ ಅಲ್ಲೇನ! ಮ್ಯಾನೇಜರ್ ಗಜಾನನ ಸಾಹೇಬ್ರ ಆರ್ಡರ್. ರಜಾ ಹೋಗೂ ಮೊದಲ ನಾನ ಟೈಪ್ ಮಾಡೀನಿ. ಕೆಲಸಗಾರ್ರು ಖುಷಿಲೆ ಇರಬೇಕು, ಸೂಪರ್‌ವೈಸರ್‌ಗಳು ದಿನಾ ಎಲ್ಲಾರಿಗೂ ಒಂದೊಂದು ಚಲೋ ಮಾತು ಹೇಳಬೇಕು ಅಂತ."

ಪ್ರಮಿಳಾ ಅರ್ಧ ತಿಂದ ಪೇಢೆಯನ್ನು ಟೇಬಲ್ಲಿನ ಮೇಲಿಟ್ಟಳು. ಪ್ರೀತಿ ಸುಳ್ಳಾದರೆ ಒಂದು ನೋವು. ಅದರ ಜೊತೆ ತನ್ನ ಕೆಲಸ ಚೆಂದ ಅನ್ನುವ ಮಾತೂ ಸುಳ್ಳಾಯಿತಲ್ಲ, ಅದು ಇನ್ನೂ ದೊಡ್ಡ ನೋವು. ತಾನು ಒಳ್ಳೆಯ ಕೆಲಸಗಾರ್ತಿಯೋ, ಇಲ್ಲ ಪುಸಲಾಯಿಸಿ ದುಡಿಸಿಕೊಳ್ಳುವ ಕೂಸೋ? ಅಂದು ಸಂಜೆ ಆಕೆ ಅವನ ಬಸ್ಸು ಹತ್ತಲಿಲ್ಲ.

ಮರುದಿನ ಎಂದಿನಂತೆ ಬಂದ ಸೋಮಲಿಂಗ. "ಮೇಡಂ, ಈ ವಾರ ಒಂದೂ ಪೀಸ್ ವಾಪಸ್ ಬಂದಿಲ್ರಿ, ನಿಮ್ಮ ಕೈ—"

"ಆತಲ್ರಿ? ಇವತ್ತಿಂದು ಹೇಳಿ ಮುಗೀತು. ಮುಂದಿನ ಟೇಬಲ್ಲಿಗೆ ನಡೀರಿ."

ಅವನ ನಗು ಅರ್ಧಕ್ಕೇ ನಿಂತಿತು. "ನನ್ನಿಂದ ಏನರ ತಪ್ಪಾತೇನ್ರಿ?"

"ತಪ್ಪು ನಂದ್ರಿ. ದಸರಾ ಮುಗದ ಮ್ಯಾಲೆ ನಾ ರವಿವಾರ ಪೇಟಿಗೆ ಹೊಂಟೀನಿ, ಬ್ಯಾರೆ ಕೆಲಸಕ್ಕ. ಸಾಹೇಬ್ರಿಗೂ ಹೇಳೀನಿ."

ಆಕೆ ಶಾಫ್ಟಿನ ಮೇಲೆ ಕಣ್ಣು ನೆಟ್ಟು ಕುಳಿತಳು. ಸೋಮಲಿಂಗ ಹೊರಟುಹೋದ.

ದಸರೆ ಬಂತು. ನವಮಿಗೆ ಮಷಿನ್‌ಗಳನ್ನೆಲ್ಲ ತೊಳೆದು, ಚೆಂಡುಹೂವಿನ ಮಾಲೆ ಹಾಕಿ ಖಂಡೇಪೂಜೆ ಮಾಡಿದ್ದರು. ದಶಮಿಯ ಮಧ್ಯಾಹ್ನ ಕಾರ್ಖಾನೆಯವರು ಮನೆಮಂದಿಯನ್ನು ಕರೆದುಕೊಂಡು ಬಂದು, ಪೂಜೆ ಇಳಿಸಿ, ಬನ್ನಿ ಕೊಟ್ಟು ತೆಗೆದುಕೊಳ್ಳುವುದು ಅಲ್ಲಿಯ ರೂಢಿ. ಪ್ರಮಿಳಾಳ ತಾಯಿ ಸಾವಂತ್ರವ್ವ ಇಳಕಲ್ ಸೀರೆಯುಟ್ಟು ಬಂದಿದ್ದಳು. ಮಗಳ ಕೆಲಸದ ಕಡೆಯ ದಿನ, ಒಮ್ಮೆ ಜಾಗ ನೋಡಬೇಕೆಂಬ ಆಸೆ ಆಕೆಗೆ.

ಇನ್ನೊಂದು ರೂಢಿಯಿದೆ. ಪೂಜೆ ಇಳಿಸಿದ ಮೇಲೆ ಉಕ್ಕು ಕಡೆಯುವ ಲೇಥಿನಲ್ಲಿ ಸೂಪರ್‌ವೈಸರ್ ತನ್ನ ಕೈಯಾರೆ ಒಂದು ಶಾಫ್ಟು ತೆಗೆಯಬೇಕು. ಅದಕ್ಕೆ ಮುಹೂರ್ತದ ಪೀಸು ಅನ್ನುತ್ತಾರೆ. ಅದನ್ನು ತಪಾಸಣೆ ಟೇಬಲ್ಲಿಗೆ ತಂದು ಹಸಿರು ಹಚ್ಚಿಸಿದರೆ ಹೊಸ ವರ್ಷದ ಕೆಲಸ ಶುರುವಾದಂತೆ. ಅಳತೆ ಮಾಡುವುದೆಲ್ಲ ಶಾಸ್ತ್ರಕ್ಕೆ. ಕಾರ್ಖಾನೆ ತೆರೆದಾಗಿನಿಂದ ಮುಹೂರ್ತದ ಪೀಸಿಗೆ ಹಸಿರು ತಪ್ಪಿದ್ದಿಲ್ಲ.

ಸೋಮಲಿಂಗ ಲೇಥಿನ ಮುಂದೆ ನಿಂತ. ಮುಖದಲ್ಲಿ ಹಬ್ಬದ ಕಳೆಯೇ ಇರಲಿಲ್ಲ. ಶಾಫ್ಟು ತೆಗೆದು, ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ಪ್ರಮಿಳಾಳ ಮುಂದಿಟ್ಟ. ಎಲ್ಲರೂ ಸುತ್ತ ನೆರೆದರು.

ಪ್ರಮಿಳಾ ಅಳೆದಳು. ಹುಬ್ಬು ಗಂಟಿಕ್ಕಿತು. ಮತ್ತೆ ಅಳೆದಳು. ಕೂದಲೆಳೆಯಷ್ಟು ದಪ್ಪವಿತ್ತು.

ಕುಂಚ ಹಸಿರಿನ ಮೇಲೆ ಒಂದು ಗಳಿಗೆ ನಿಂತಿತು. ನಾಳೆ ತಾನು ಇಲ್ಲಿರುವುದಿಲ್ಲ, ಹಚ್ಚಿಬಿಟ್ಟರೆ ಯಾರಿಗೇನು? ಆದರೆ ಆ ನೀರಿನ ಸದ್ದು ನೆನಪಾಯಿತು. ಪ್ರಮಿಳಾ ಕುಂಚವನ್ನು ಹಳದಿಯಲ್ಲಿ ಅದ್ದಿ ಬೊಟ್ಟಿಟ್ಟಳು.

"ರೀವರ್ಕ್," ಅಂದಳು.

ನೆರೆದವರೆಲ್ಲ ಹೋ ಎಂದರು. ಗಜಾನನ ಸಾಹೇಬರು ಮುಂದೆ ಬಂದರು. "ಏ ಯವ್ವಾ, ಹಬ್ಬದ ದಿನ ಏನ್ ಮಾಡಿದಿ? ಹಸಿರು ಹಚ್ಚು!"

"ಹಬ್ಬ ಐತಂತ ಶಾಫ್ಟು ಸಣ್ಣ ಆಗ್ತೈತೇನ್ರಿ ಸಾಹೇಬ್ರ? ಇದನ್ನ ಹಾಕಿದ್ರ ಪಂಪು ಕೆಮ್ಮತೈತ್ರಿ."

ಸೋಮಲಿಂಗ ಪೀಸನ್ನು ಕೈಗೆತ್ತಿಕೊಂಡ. ಎಷ್ಟೋ ದಿನದ ಮೇಲೆ ಆ ಗುಳಿ ಬಿತ್ತು. "ಇದಕ್ಕ ನೋಡ್ರಿ ಸಾಹೇಬ್ರ ನಾ ಹೇಳೂದು. ಇಂಥಾ ಕೈ, ಇಂಥಾ ಕಣ್ಣು ನಮ್ಮ ಕಾರ್ಖಾನಿಯೊಳಗ ಇನ್ನೊಬ್ಬರದಿಲ್ಲ."

ಸಾಹೇಬರು ಹಣೆ ಹಣೆ ಬಡಿದುಕೊಂಡರು. "ಲೇ ಸೋಮಲಿಂಗಾ! ಆ ಸ್ಕೀಮ್ ಬಸವ ಜಯಂತಿ ಮೊದಲ ಬಂದ್ ಮಾಡೀವಲ್ಲೋ! ಇನ್ನೊಬ್ಬ ಪುಣ್ಯಾತ್ಮ ಸೂಪರ್‌ವೈಸರ್ ಕೆಲಸ ಹೊಗಳೂದು ಬಿಟ್ಟು ಅಸೆಂಬ್ಲಿ ಕಾಂತಾಬಾಯಿ ಸೀರಿ ಹೊಗಳಿ ಆಕಿ ಗಂಡನ ಕಡೆ ಬೈಸಿಕೊಂಡ ದಿನಾನ ಮುಗೀತು. ಎಲ್ಲಾರೂ ಬಾಯಿ ಮುಚ್ಚಿದ್ರು. ನೀ ಒಬ್ಬಾಂವ ಇನ್ನೂ ದಿನಾ ಈ ಟೇಬಲ್ ಮುಂದ ಬಂದು ಯಾಕ ನಿಂದರ್ತಿ?"

ಕಾರ್ಖಾನೆಯೆಲ್ಲ ಘೊಳ್ಳೆಂದು ನಕ್ಕಿತು. ಒಬ್ಬಳು ಮಾತ್ರ ನಗಲಿಲ್ಲ.

"ಸ್ಕೀಮ್ ಬಂದ್ ಆಗೇತೇನ್ರಿ?" ಪ್ರಮಿಳಾಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

ಅವಳ ಸಿಟ್ಟಿನ ಕಾರಣ ಸೋಮಲಿಂಗನಿಗೆ ಆಗ ತಿಳಿಯಿತು. ಅವನು ಟೇಬಲ್ಲಿಗೆ ಬಗ್ಗಿ, ಅವಳಿಗಷ್ಟೇ ಕೇಳುವಂತೆ ಹೇಳಿದ. "ಆರ್ಡರ್ ಇದ್ದದ್ದು ಎಂಟು ದಿನಾರಿ. ಮೊದಲನೇ ದಿನ ಆರ್ಡರ್ ಐತಂತ ಬಂದಿದ್ದೆ, ಸುಳ್ಳು ಹೇಳಂಗಿಲ್ಲ. ನಾಕ ದಿನದಾಗ ಆರ್ಡರ್ ಮರತ ಹೋಗಿತ್ತು. ನಿಮ್ಮ ಕೆಲಸದ ಬಗ್ಗೆ ಹೇಳಿದ್ದರಾಗ ಒಂದೂ ಸುಳ್ಳಿಲ್ಲ. ಹೇಳಲಾರದ್ದು ಮಾತ್ರ ಒಂದು ಉಳದೈತಿ."

ಉಪ್ಪು ಕಮ್ಮಿ ಐತ್ರಿ ಅಂದಿದ್ದು ಪ್ರಮಿಳಾಳಿಗೆ ಥಟ್ಟನೆ ನೆನಪಾಯಿತು. ವಡಿಯ ವಿಷಯದಲ್ಲೇ ಸುಳ್ಳು ಹೇಳಲು ಬಾರದವನು! ಆಕೆಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

"ಮೊದಲ ಪೀಸ್ ಸರಿ ಮಾಡ್ಕೊಂಡ ಬರ್ರಿ," ಅಂದಳು ಕಣ್ಣೊರೆಸಿಕೊಳ್ಳುತ್ತ. "ಆಮ್ಯಾಲೆ ಕೇಳ್ತೀನಿ. ಲೇಥಿನ ಮ್ಯಾಲೆ ನಿಮ್ಮ ಕೈಗೇನಾಗಿತ್ತು?"

"ನೀವು ಹೊಂಟೀರಲ್ಲ, ನಡಗಿತ್ರಿ."

ಅವನು ಓಡಿದ. ಲೇಥು ತಿರುಗಿತು. ಮರಳಿ ಬಂದಾಗ ಒಂದು ಕೈಯಲ್ಲಿ ಶಾಫ್ಟು, ಇನ್ನೊಂದರಲ್ಲಿ ಬನ್ನಿ ಎಲೆ. ಪ್ರಮಿಳಾ ನಿಧಾನವಾಗಿ, ಬೇಕೆಂದೇ ನಿಧಾನವಾಗಿ ಅಳೆದಳು. ಹಸಿರು ಬೊಟ್ಟಿಟ್ಟಳು. ಚಪ್ಪಾಳೆ ಬಿದ್ದವು. ಜನ ಲೇಥಿನ ಕಡೆ ಪ್ರಸಾದಕ್ಕೆ ಸರಿದರು.

"ಬನ್ನಿ ತಗೊಂಡು ಬಂಗಾರದಂಗ ಇರೂಣು," ಅಂದ ಸೋಮಲಿಂಗ. ಎಲೆ ಅವಳ ಅಂಗೈಗೆ ಬಂತು, ಅವನ ಬೆರಳು ಮಾತ್ರ ಹಿಂದೆ ಹೋಗಲಿಲ್ಲ. "ಎಲ್ಲಾರಿಗೂ ಹಿಂಗ ಅಂತಾರ್ರಿ. ನಾ ಕೇಳೂದು, ಜೀವನಪೂರ್ತಿ ಇರೂಣೇನು ಅಂತ. ನಿಮ್ಮನ್ನ ಬಾಳ ಪ್ರೀತಿ ಮಾಡ್ತೀನ್ರಿ ಪ್ರಮಿಳಾ."

ಅವನು ಆಕೆಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಪ್ರಮಿಳಾ ಉತ್ತರ ಕೊಡುವಷ್ಟರಲ್ಲಿ ಪಕ್ಕದಲ್ಲಿ ಬಳೆ ಸದ್ದಾಯಿತು. ಸಾವಂತ್ರವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನನ್ನ ವಡಿಗೆ ಉಪ್ಪು ಕಮ್ಮಿ ಅಂದಾಂವ ಇವನ ಏನ?"

ಸೋಮಲಿಂಗನ ಮುಖ ಬಿಳಿಚಿತು. "ಅದು... ಮೂರು ತಿಂದೇನ್ರಿ ಅವ್ವಾರ."

"ಉಪ್ಪು ಖರೇನ ಕಮ್ಮಿ ಆಗಿತ್ತು ಬಿಡು. ನಮ್ಮ ಮನಿಯಾಗ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ." ಸಾವಂತ್ರವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮಗಳ ಕಡೆ ತಿರುಗಿದಳು. "ಏನ ಪಮ್ಮಿ, ನಿನ್ನ ಲೆಕ್ಕದಾಗ ಇವ ಪಾಸೋ, ಏನ?"

ಪ್ರಮಿಳಾ ಅವನ ಕೈ ಹಿಡಿದು ಟೇಬಲ್ಲಿನ ಮೇಲೆ ಇಟ್ಟಳು. ಕುಂಚ ಎತ್ತಿಕೊಂಡಳು. ಅದು ಕೆಂಪಿನ ಮೇಲೆ ಸುಳಿದಾಗ ಅವನು ಉಸಿರು ಹಿಡಿದ, ಹಳದಿಯ ಮೇಲೆ ಸುಳಿದಾಗ ಕಣ್ಣು ಮುಚ್ಚಿದ. ಅವನ ಹೆಬ್ಬೆರಳಿನ ಉಗುರಿಗೆ ತಂಪಾಗಿ ಏನೋ ತಾಗಿತು.

"ಅವ್ವಾ, ಮಾಮಾಗ ಫೋನ್ ಹಚ್ಚಿ ಹೇಳು, ನಾ ಬರಂಗಿಲ್ಲಂತ," ಅಂದಳು ಪ್ರಮಿಳಾ. "ನನಗ ಇಲ್ಲೇ ಬಾಳ ಕೆಲಸ ಐತಿ."

ಸೋಮಲಿಂಗ ಕಣ್ಣು ತೆರೆದು ನೋಡಿದ. ಉಗುರಿನ ಮೇಲೆ ಹಸಿರಿತ್ತು.