ಚಿಕ್ಕಜಾಲದ ಬಿಗಿ ಸ್ಟೇರಿಂಗ್

ಲಾರಿ ಚಿಕ್ಕಜಾಲದ ಬಸ್ ಸ್ಟಾಪಿನ ಕಂಬಕ್ಕೆ ಮೂತಿ ತಗುಲಿಸಿ ನಿಂತಾಗ ಬೆಳಿಗ್ಗೆ ಹನ್ನೊಂದೂಕಾಲು. ಕಂಬ ಬಗ್ಗಿತ್ತು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಪಕ್ಕಕ್ಕೆ ಹಾರಿದ್ದರಿಂದ ಉಳಿದುಕೊಂಡಿದ್ದರು. ಡ್ರೈವರ್ ಹಬೀಬುಲ್ಲಾ ಹೇಳಿದ್ದು ಒಂದೇ ಮಾತು — ತಿರುಗಿಸಿದೆ, ತಿರುಗಲಿಲ್ಲ. ಯಾರೂ ನಂಬಲಿಲ್ಲ.

ಮರುದಿನ ಅವನ ಹೆಂಡತಿ ಫರೀದಾ ಗಂಗಾನಗರದ ನಮ್ಮ ಮನೆಗೆ ಬಂದಳು. ನಮ್ಮ ಮನೆ ಎಂದರೆ ನನ್ನ ಅಕ್ಕನ ಮನೆ. ಭಾವ ಆನಂದಪ್ಪ ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಯಾರ ಕೈಗೂ ಸಿಗದ ರಿಪೇರಿಗಳು ಅವರನ್ನು ಹುಡುಕಿಕೊಂಡು ಬರುತ್ತವೆ. ಅವರ ಸೊಂಟ ಸರಿಯಿಲ್ಲ, ಹಾಗಾಗಿ ಸ್ಕೂಟರ್ ಓಡಿಸುವ ಕರ್ಮ ನನ್ನದು.

"ಸಾಯಂಕಾಲ ಐದು ಗಂಟೆ ಒಳಗೆ ಒಂದು ಕಾಗದಕ್ಕೆ ಸೈನ್ ಹಾಕು ಅಂದಿದಾರೆ ಓನರ್," ಫರೀದಾ ನಿಂತುಕೊಂಡೇ ಹೇಳಿದಳು. "ನಿದ್ದೆಗಣ್ಣಲ್ಲಿ ಓಡಿಸ್ದೆ ಅಂತ ಬರ್ದಿದಾರೆ ಅದ್ರಲ್ಲಿ. ಸೈನ್ ಬಿದ್ರೆ ಈ ಕಡೆ ಯಾರೂ ಅವ್ರಿಗೆ ಗಾಡಿ ಕೊಡಲ್ಲ. ಅವ್ರಿಗೆ ಬೇರೆ ಕೆಲ್ಸ ಬರಲ್ಲ ಸಾರ್."

"ನಿದ್ದೆ ಬಂದಿತ್ತಾ?" ಭಾವ ಕೇಳಿದರು.

"ಭುಜ ನೋವು ಅಂತ ರಾತ್ರಿಯೆಲ್ಲ ನರಳ್ತಾರೆ, ನಿಜ. ಆದ್ರೆ ನಿದ್ದೆ ಮಾಡ್ಲಿಲ್ಲ ಅಂತ ಆಣೆ ಮಾಡಿದಾರೆ."

ಭಾವ ಚಪ್ಪಲಿ ಮೆಟ್ಟಿದರು. ನಾನು ಸ್ಕೂಟರಿನ ಕೀಲಿ ಹುಡುಕಿದೆ. ಹೆಬ್ಬಾಳ ದಾಟುವಷ್ಟರಲ್ಲೇ ನನಗೆ ಸಾಕಾಗಿಹೋಗಿತ್ತು.

ಲಾರಿಯನ್ನು ಮಾಲೀಕ ಅಶ್ವತ್ಥಪ್ಪನ ಮನೆಯ ಹಿಂದಿನ ಬಯಲಿಗೆ ಎಳೆದು ತಂದಿದ್ದರು. ಹನ್ನೆರಡು ವರ್ಷದ ಹಳೆಯ ಗಾಡಿ. ಆಯುಧ ಪೂಜೆ ಮುಗಿದು ಮೂರು ವಾರವಾಗಿದ್ದರೂ ಬಂಪರಿನಲ್ಲಿ ಒಣಗಿದ ಬಾಳೆಕಂದು ನೇತಾಡುತ್ತಿತ್ತು. ಬಾನೆಟ್ ಎತ್ತಿದರೆ ಒಳಗೂ ಕುಂಕುಮದ ಬೊಟ್ಟು, ಒಂದು ಪೈಪಿಗೆ ದಾರ ಸುತ್ತಿ ಬಿಗಿದ, ನಾಣ್ಯವಿಟ್ಟ ಹಳದಿ ಬಟ್ಟೆಯ ಹರಕೆ ಗಂಟು. ಭಾವ ಅದಕ್ಕೆ ಕೈ ಮುಗಿದು ಮುಂದಿನದನ್ನು ನೋಡತೊಡಗಿದರು.

ಹಬೀಬುಲ್ಲಾ ಒಂದು ಕಲ್ಲಿನ ಮೇಲೆ ಕೂತು ಎಡಗೈಯಲ್ಲಿ ಟೀ ಕುಡಿಯುತ್ತಿದ್ದ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಗೊರಗುಂಟೆಪಾಳ್ಯದಲ್ಲಿ ಶೆಡ್ ಇಟ್ಟಿರುವ ಮೆಕ್ಯಾನಿಕ್ ಲಾಲ್ ಸಾಬ್ ಮುಖ ಗಂಟು ಹಾಕಿಕೊಂಡು ನಿಂತಿದ್ದ. ಅಶ್ವತ್ಥಪ್ಪನ ಜೇಬಿನಲ್ಲಿ ಆ ಕಾಗದ ಮಡಚಿ ಕೂತಿತ್ತು.

"ಏನೇನು ಮಾಡಿದ್ರಿ?" ಭಾವ ಲಾಲ್ ಸಾಬನನ್ನು ಕೇಳಿದರು.

"ಮೂರು ಸಲ ಬಂತು ಸಾರ್ ಈ ಗಾಡಿ. ಮೊದ್ಲು ಸ್ಟೇರಿಂಗ್ ಆಯಿಲ್ ಬದ್ಲಾಯಿಸ್ದೆ. ಆಮೇಲೆ ಬೆಲ್ಟು. ಕೊನೇಗೆ ಪಂಪೇ ಹೊಸದು ಹಾಕ್ದೆ. ಶೆಡ್ಡಲ್ಲಿ ಒಂದು ಬೆರಳಲ್ಲಿ ತಿರುಗುತ್ತೆ. ಇನ್ನೇನ್ ಮಾಡ್ಲಿ?"

"ಶೆಡ್ಡಿಗೆ ಬಂದ ತಕ್ಷಣ ನೋಡ್ತಿದ್ರಾ?"

"ಎಲ್ಲಿ ಸಾರ್, ನನ್ನ ಹತ್ರ ಸಾಲು ನಿಂತಿರ್ತವೆ. ಎರಡು ಗಂಟೆ ಆದ್ಮೇಲೆ ಕೈ ಹಾಕ್ತೀನಿ."

ಭಾವ ಹಬೀಬುಲ್ಲಾನ ಕಡೆ ತಿರುಗಿದರು. "ಬೆಳಿಗ್ಗೆ ಹೊರಡುವಾಗ ಹೇಗಿರುತ್ತೆ?"

"ಬೆಣ್ಣೆ ಸಾರ್."

"ಯಾವಾಗ ಬಿಗಿಯುತ್ತೆ?"

"ಒಂದು ಗಂಟೆ ಓಡಿದ್ಮೇಲೆ. ಮೊದ್ಲು ಗುಂಯ್ ಅಂತ ಸದ್ದು. ಆಮೇಲೆ ಕಲ್ಲು. ಮೊದ್ಲೇ ನೋವಿತ್ತು, ಮೂರು ವಾರದಿಂದ ಎಳೆದೂ ಎಳೆದೂ ಈ ಭುಜ ಹೋಯ್ತು. ಟೀಗೆ ನಿಲ್ಸಿ ಅರ್ಧ ಗಂಟೆ ಬಿಟ್ರೆ ಮತ್ತೆ ಬೆಣ್ಣೆ."

"ಅದೇ ನೋಡಿ," ಅಶ್ವತ್ಥಪ್ಪ ಬಾಯಿ ಹಾಕಿದ. "ಟೀ ಕುಡಿದ್ರೆ ಸರಿ ಹೋಗುತ್ತೆ ಅಂದ್ರೆ ಕಾಯಿಲೆ ಗಾಡಿಗಲ್ಲ, ಡ್ರೈವರಿಗೆ. ಇಪ್ಪತ್ತೆರಡು ವರ್ಷ ನಮ್ಮನೇಲಿದಾನೆ, ನಂಗೇನು ಖುಷೀನಾ? ನಾಳೆ ಯಾರಾದ್ರೂ ಸತ್ರೆ?"

ಮಾತಿನಲ್ಲಿ ಹುರುಳಿತ್ತು. ನನಗೂ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆಗಲೇ ಮೂರು ಗಂಟೆ. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಭಾವ ಎಂಜಿನ್ ಚಾಲೂ ಮಾಡಿಸಿದರು. ಹಬೀಬುಲ್ಲಾ ಒಳಗೆ ಕೂತು ಸ್ಟೇರಿಂಗ್ ಚಕ್ರ ಎಡಕ್ಕೆ, ಬಲಕ್ಕೆ ತಿರುಗಿಸಿದ. ಹಗುರವಾಗಿ ತಿರುಗಿತು. ಅಶ್ವತ್ಥಪ್ಪ ನನ್ನ ಮುಖ ನೋಡಿದ.

"ಹಾಗೇ ಬಿಡಿ, ಓಡ್ತಾ ಇರ್ಲಿ," ಎಂದರು ಭಾವ.

ಮುಕ್ಕಾಲು ಗಂಟೆ ಓಡಿತು. ಹೊಗೆ ಕುಡಿದು ನಮ್ಮ ತಲೆ ನೋಯತೊಡಗಿತು. ನಾಲ್ಕರ ಹೊತ್ತಿಗೆ ಸದ್ದು ಶುರುವಾಯಿತು — ಗುಂಯ್. ಹಬೀಬುಲ್ಲಾ ಚಕ್ರ ಹಿಡಿದು ಎಳೆದ. ಬರಲಿಲ್ಲ. ಅಶ್ವತ್ಥಪ್ಪನೇ ಹತ್ತಿ ಕೂತು, ಹಲ್ಲು ಕಚ್ಚಿ ಎಳೆದ. ಚಕ್ರ ಒಂದು ಗೇಣು ತಿರುಗಿ ನಿಂತಿತು.

"ಈಗ ಯಾರಿಗೆ ನಿದ್ದೆ ಬಂದಿದೆ?" ಭಾವ ಕೇಳಿದರು. ಅಶ್ವತ್ಥಪ್ಪ ಕೆಳಗಿಳಿದ.

ಭಾವ ಟಾರ್ಚ್ ಹಿಡಿದು ಬಾನೆಟ್ಟಿನೊಳಗೆ ಬಗ್ಗಿದರು. ತುಂಬಾ ಹೊತ್ತು ಬಗ್ಗೇ ಇದ್ದರು. ಸೊಂಟ ಹಿಡಿದುಕೊಂಡಿತೇನೋ ಎಂದು ನಾನು ಹತ್ತಿರ ಹೋದೆ. ಅವರು ಎಂಜಿನ್ ನಿಲ್ಲಿಸಲು ಕೈ ಮಾಡಿದರು.

"ಯೋಗಿ, ಈ ಗಂಟು ನೋಡು."

"ಹರಕೆ ಅಲ್ವಾ ಭಾವ?"

"ಹರಕೇನೇ. ಅದಕ್ಕೇ ಯಾರಿಗೂ ಕಾಣಿಸ್ಲಿಲ್ಲ. ಲಾಲ್ ಸಾಬ್, ಹೊಸ ಪಂಪ್ ಹಾಕುವಾಗ ಈ ಪೈಪ್ ಯಾಕೆ ಬದಲಾಯಿಸ್ಲಿಲ್ಲ?"

ಲಾಲ್ ಸಾಬ್ ತಲೆ ಕೆರೆದುಕೊಂಡ. "ಅದಕ್ಕೆ ದೇವಿ ಹರಕೆ ಗಂಟು ಕಟ್ಟಿದೆಯಲ್ಲ ಸಾರ್. ನಾನು ಬಿಚ್ಚಿ, ನಾಳೆ ಏನಾದ್ರೂ ಆದ್ರೆ? ಕೆಳಗಿನ ತುದಿ ಮಾತ್ರ ಕಳಚಿ ಹೊಸ ಪಂಪಿಗೆ ಹಾಕ್ದೆ."

"ಅಶ್ವತ್ಥಪ್ಪನವರೇ, ನೀವು ನೋಡಿರ್ಲಿಲ್ವಾ?"

"ನೋಡಿದ್ದೆ. ದೇವರದ್ದು, ನಾನ್ಯಾಕೆ ಮುಟ್ಲಿ?"

"ನಾನೂ ಕೈ ಮುಗಿದು ಮುಂದಕ್ಕೆ ಹೋದೆ," ಎಂದರು ಭಾವ ಬೇಸರದಿಂದ. "ಮೂವತ್ತೈದು ವರ್ಷ ಸರ್ವೀಸು. ಇದು ಆಯಿಲ್ ಡಬ್ಬಿಯಿಂದ ಪಂಪಿಗೆ ಇಳಿಯೋ ಪೈಪು. ಒಳಗಿಂದ ಪಂಪ್ ಎಳೀತಾ ಇರುತ್ತೆ. ರಬ್ಬರ್ ತಣ್ಣಗಿದ್ದಾಗ ಗಟ್ಟಿ, ದಾರ ಎಷ್ಟು ಬಿಗಿದ್ರೂ ತಡ್ಕೊಳ್ಳುತ್ತೆ. ಬಿಸಿಯಾದ್ರೆ ಮೆತ್ತಗಾಗುತ್ತೆ. ಆಗ ದಾರ ಹಿಂಡುತ್ತೆ, ಗಂಟಲ್ಲಿರೋ ನಾಣ್ಯ ಒತ್ತುತ್ತೆ, ಪೈಪ್ ಚಪ್ಪಟೆ. ಪಂಪಿಗೆ ಆಯಿಲ್ಲೇ ಸಿಗಲ್ಲ, ಅದಕ್ಕೇ ಗುಂಯ್ ಅನ್ನುತ್ತೆ. ಟೀ ಕುಡಿಯೋಷ್ಟರಲ್ಲಿ ತಣ್ಣಗಾಗಿ ಮತ್ತೆ ತೆರ್ಕೊಳ್ಳುತ್ತೆ. ಶೆಡ್ಡಲ್ಲಿ ಎರಡು ಗಂಟೆ ನಿಂತ್ರೆ ರೋಗವೇ ಇಲ್ಲ." ಅವರು ನೆಟ್ಟಗಾದರು. "ಕಟ್ಟಿದ್ದು ಯಾರು?"

ಅಶ್ವತ್ಥಪ್ಪ ಮನೆಯ ಕಡೆ ನೋಡಿದ. ಹಿತ್ತಲ ಬಾಗಿಲಲ್ಲಿ ಅವನ ತಾಯಿ ಮುನಿಯಲ್ಲಮ್ಮ ಆಗಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ನಾನೇ ಕಣಪ್ಪ," ಎಂದರು ಅಜ್ಜಿ. "ಆಯುಧ ಪೂಜೆ ದಿನ ಕಟ್ಟಿದ್ದು. ಈ ಅಬೀಬು ಹೋದ ವರ್ಸದಿಂದ ಭುಜ ನೋವು ಅಂತಿದ್ದ. ವಯಸ್ಸಾಯ್ತು, ಇಂಗಾದ್ರೆ ಗಾಡಿ ಎಂಗ್ ಓಡಿಸ್ತಾನೆ ಅಂತ ನಂಗೆ ಯೋಚ್ನೆ. ಸ್ಟೇರಿಂಗಿಗೆ ಬಲ ಎಲ್ಲಿಂದ ಬತ್ತದೆ ಅಂತ ಅವನ್ನೇ ಕೇಳ್ದೆ. ಈ ಪೈಪು ತೋರ್ಸಿದ. ಅವನ ನೋವು ಓಗ್ಲಿ ತಾಯೇ ಅಂತ ಏಳು ಸುತ್ತು ಸುತ್ತಿ ಗಟ್ಟಿಯಾಗಿ ಕಟ್ದೆ."

ನನಗೆ ಅಜ್ಜಿಯ ಮುಖ ನೋಡಲಾಗಲಿಲ್ಲ, ಅಷ್ಟು ಸಂಕಟವಾಯಿತು.

"ಬಿಚ್ಚಿಬಿಡಮ್ಮ," ಅಶ್ವತ್ಥಪ್ಪ ಮೆಲ್ಲಗೆ ಅಂದ.

"ಎಂಗೋ ಬಿಚ್ಚಲಿ? ಹರಕೆ ತೀರ್ದೆ ಬಿಚ್ಚಿದ್ರೆ ಅವನಿಗೇ ಕೇಡು. ನನ್ನ ಕೈಯಾರೆ ಅವನ ಕೆಲ್ಸ ಕಳೀತಿದ್ದೆ, ಇನ್ನು ಕೇಡೂ ಮಾಡ್ಲಾ?" ಅವರು ಹಬೀಬುಲ್ಲಾನ ಹತ್ತಿರ ಬಂದರು. "ದಿಟ ಯೋಳು ಮಗ. ನೋವು ಓಯ್ತಾ?"

ಹಬೀಬುಲ್ಲಾ ಅವರ ಎದುರು ನೆಟ್ಟಗೆ ನಿಂತ. ಬಲಗೈಯನ್ನು ತಲೆಯವರೆಗೂ ಎತ್ತಿದ. ಹಣೆಯಲ್ಲಿ ಬೆವರೊಡೆಯಿತು.

"ಪೂರ್ತಿ ಹೋಯ್ತಮ್ಮ," ಎಂದ. "ನೋಡಿ."

ಅಜ್ಜಿ ಕಣ್ಣು ಒರೆಸಿಕೊಂಡು ಬಾನೆಟ್ಟಿನೊಳಗೆ ಕೈ ಹಾಕಿದರು. ಗಂಟು ಬಿಚ್ಚಲು ಹತ್ತು ನಿಮಿಷ ಹಿಡಿಯಿತು. ಯಾರೂ ನೆರವಿಗೆ ಹೋಗಲಿಲ್ಲ. ನಾಣ್ಯವನ್ನು ಸೆರಗಿಗೆ ಕಟ್ಟಿಕೊಂಡು, ಊರಮ್ಮನ ಹುಂಡಿಗೆ ಹಾಕಿ ಬರುತ್ತೇನೆ ಎಂದು ಹೊರಟರು. ಅಶ್ವತ್ಥಪ್ಪ ಜೇಬಿನ ಕಾಗದ ತೆಗೆದು ಹರಿದ. ತಾಯಿಯ ಹಿಂದೆ ನಡೆದ.

"ಹೊಸ ಪೈಪ್ ಹಾಕಿ," ಭಾವ ಲಾಲ್ ಸಾಬನಿಗೆ ಹೇಳಿದರು. ಆಮೇಲೆ ಹಬೀಬುಲ್ಲಾನ ಕಡೆ ತಿರುಗಿ ದನಿ ತಗ್ಗಿಸಿದರು. "ನಾಳೆ ಆಸ್ಪತ್ರೆಗೆ ಹೋಗಿ ಭುಜ ತೋರ್ಸಿ. ಅಜ್ಜಿಗೆ ಗೊತ್ತಾಗೋದು ಬೇಡ."

ಹಬೀಬುಲ್ಲಾ ಸಲಾಂ ಮಾಡಿದ, ಎಡಗೈಯಲ್ಲಿ.